ಹೊಸ ಜಾಝ್ ಟ್ಯೂನ್‌ಗಳ ಉಚಿತ ಸಂಪುಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಂಗಳೂರಿನ ಕೆಲವು ವಾದಕರು ತಾವೇ ರಚಿಸಿದ ಹೊಸ ಜಾಝ್ ಟ್ಯೂನ್‌ಗಳನ್ನು ಒಟ್ಟುಗೂಡಿಸಿ, ಯಾರು ಬೇಕಾದರೂ ನುಡಿಸಬಹುದಾದ ಉಚಿತ ಸಂಪುಟವೊಂದನ್ನು ಹೊರತರಲು ಯೋಚಿಸುತ್ತಿದ್ದಾರೆ. ಅವರ ಪತ್ರವನ್ನೂ ಇದೇ ವಿಷಯವಾಗಿ ಬಂದ ಇತರ ಪತ್ರಗಳನ್ನೂ ಈ ಸಂಚಿಕೆಯಲ್ಲಿ ಉತ್ತರಕ್ಕೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಭಾನುವಾರಗಳಂದು ಸೇರಿ ಜಾಝ್ ನುಡಿಸುವ ಗೆಳೆಯರು ನಾವು. ನಮ್ಮಲ್ಲಿ ಪ್ರತಿಯೊಬ್ಬರೂ ಒಂದಷ್ಟು ಟ್ಯೂನ್‌ಗಳನ್ನು ರಚಿಸಿದ್ದೇವೆ. ಅವನ್ನು ಪಿಡಿಎಫ್ ಪುಸ್ತಕವಾಗಿ ಮಾಡಿ ಉಚಿತವಾಗಿ ಹಂಚಬೇಕೆಂದಿದ್ದೇವೆ. ಹಂಚಿದರೆ ಹಕ್ಕು ಹೋಗುತ್ತದೆ ಎಂದು ಕೆಲವರು, ಮೊದಲು ನೋಂದಣಿ ಮಾಡಿಸಲೇಬೇಕು ಎಂದು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ? (ಬಸವನಗುಡಿ)

ಉತ್ತರ: ಎರಡೂ ಸರಿಯಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಸಂಗೀತ ಕೃತಿಯೊಂದು ರಚನೆಯಾದಾಗಲೇ ಅದರ ಹಕ್ಕು ರಚನಕಾರರಿಗೆ ಸೇರುತ್ತದೆ. ನೋಂದಣಿ ಕಡ್ಡಾಯವಲ್ಲ, ಮುಂದೆ ವ್ಯಾಜ್ಯವೇನಾದರೂ ಎದ್ದರೆ ಅದು ಸಾಕ್ಷ್ಯವಾಗಿ ಒದಗುತ್ತದೆ, ಅಷ್ಟೆ. ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಡಲು ಇಚ್ಛಿಸುವವರಿಗೆ ಕಾಯಿದೆಯ 21ನೆಯ ಕಲಮು ಬೇರೆಯೇ ದಾರಿಯನ್ನು ತೋರಿಸಿದೆ: ಹಕ್ಕುಸ್ವಾಮ್ಯದ ರಿಜಿಸ್ಟ್ರಾರರಿಗೆ ನೋಟಿಸು ಕೊಡಬೇಕು, ಇಲ್ಲವೇ ಸಾರ್ವಜನಿಕ ಪ್ರಕಟಣೆಯನ್ನು ಹೊರಡಿಸಬೇಕು. ಬರಿದೆ ಹಾಳೆ ಹಂಚಿದ ಮಾತ್ರಕ್ಕೆ ಹಕ್ಕು ಕೈಬಿಟ್ಟು ಹೋಗುವುದಿಲ್ಲ.

ನೀವು ಚಿಂತಿಸಬೇಕಾದದ್ದು ಇದಕ್ಕೆ ವಿರುದ್ಧವಾದ ಇನ್ನೊಂದು ತೊಡಕನ್ನು. ಅನುಮತಿಯ ಮಾತನ್ನು ಎಲ್ಲಿಯೂ ಬರೆಯದೆ ಸಂಪುಟವನ್ನು ಹಂಚಿದರೆ, ಅದನ್ನು ಪಡೆದವರಿಗೆ ಓದುವ ಅವಕಾಶ ಸಿಕ್ಕಿತೇ ಹೊರತು ಕಾರ್ಯಕ್ರಮದಲ್ಲಿ ನುಡಿಸುವ, ಧ್ವನಿಮುದ್ರಿಸುವ, ಪ್ರತಿ ಮಾಡಿ ಶಿಷ್ಯರಿಗೆ ಕೊಡುವ ಅನುಮತಿ ಸಿಕ್ಕಂತಾಗುವುದಿಲ್ಲ. ನಿಯಮಕ್ಕೆ ಅಂಜುವ ವಾದಕರು ಅದನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಯಾರಿಗೆ ಏನೇನು ಮಾಡಲು ಒಪ್ಪಿಗೆಯಿದೆ ಎಂಬುದು ಬರಹದಲ್ಲಿರಬೇಕು. ಇದಕ್ಕೆ ನೀವೇ ಕರಾರುಪತ್ರವನ್ನು ರಚಿಸುವ ಕಷ್ಟಕ್ಕೆ ಹೋಗಬೇಕಾಗಿಲ್ಲ. 2002ರಿಂದ ಬಳಕೆಯಲ್ಲಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಸಿದ್ಧವಾಗಿವೆ.

ಆ ಪರವಾನಗಿಗಳಲ್ಲಿ ಹಲವು ಬಗೆಗಳಿವೆ, ಎಲ್ಲವೂ ಜಾಝ್‌ಗೆ ಒಗ್ಗುವುದಿಲ್ಲ. ಕೃತಿಯನ್ನು ಮಾರ್ಪಡಿಸಿ ಹಂಚಬಾರದೆಂಬ ಷರತ್ತಿನ ಬಗೆಯನ್ನು ದಯವಿಟ್ಟು ಆರಿಸಬೇಡಿ. ಕಾರ್ಡ್‌ಗಳನ್ನು (ಧಾಟಿಗೆ ಹಿನ್ನೆಲೆಯಾಗಿ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಬದಲಿಸುವುದು, ಲಯವನ್ನು ತಿರುಗಿಸುವುದು, ಧಾಟಿಯನ್ನು ಹಿಗ್ಗಿಸಿ ಮನೋಧರ್ಮಕ್ಕೆ (ನುಡಿಸುತ್ತಲೇ ಹೊಸದಾಗಿ ಕಲ್ಪಿಸುವುದಕ್ಕೆ) ಎಡೆಮಾಡಿಕೊಳ್ಳುವುದು ಈ ಸಂಗೀತದ ಉಸಿರಾಗಿರುವಾಗ, ಆ ಷರತ್ತು ನುಡಿಸುವವರ ಕೈಕಟ್ಟಿಹಾಕುತ್ತದೆ. ವಾಣಿಜ್ಯ ಬಳಕೆ ಕೂಡದೆಂಬ ಷರತ್ತು ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇಂದಿರಾನಗರದ ಒಂದು ಕಾಫಿ ಅಂಗಡಿಯಲ್ಲಿ ಸಂಜೆ ನುಡಿಸಿ ಅಲ್ಪ ಸಂಭಾವನೆ ಪಡೆಯುವ ಪಿಯಾನೊ ವಾದಕಿ ಆ ಷರತ್ತನ್ನು ಮೀರಿದಂತಾಯಿತೇ ಎಂಬ ಪ್ರಶ್ನೆ ಏಳುತ್ತದೆ, ಸಂಪುಟದಿಂದ ನಿಜವಾಗಿ ಉಪಯೋಗ ಪಡೆಯಬೇಕಾದವರೋ ಅಂಥವರೇ. ಮಾರ್ಪಡಿಸಿದ್ದನ್ನು ಅದೇ ಪರವಾನಗಿಯಲ್ಲಿ ಹಂಚಬೇಕೆಂಬ ಬಗೆಯೂ ಒಂದಿದೆ, ಅದು ಒಳ್ಳೆಯದೇ. ಆದರೆ ಆಲ್ಬಂ ಮಾರಬೇಕೆಂದಿರುವವರು ಹಿಂಜರಿಯಬಹುದು. ರಚನಕಾರರ ಹೆಸರನ್ನು ಹೇಳಬೇಕು ಎಂಬ ಒಂದೇ ಷರತ್ತಿನ ಪರವಾನಗಿಯೇ ನಿಮ್ಮ ಉದ್ದೇಶಕ್ಕೆ ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಪ್ಪುವ ಮುನ್ನ ಮೂರು ಸಂಗತಿಗಳನ್ನು ಎಲ್ಲರೂ ಕೂತು ಮಾತಾಡಿಕೊಳ್ಳಿ. ಒಮ್ಮೆ ಕೊಟ್ಟ ಈ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು. ಇಬ್ಬರು ಕೂಡಿ ರಚಿಸಿದ ಟ್ಯೂನಿಗೆ ಇಬ್ಬರ ಒಪ್ಪಿಗೆಯೂ ಬೇಕು. ಇನ್ನು, ನಿಮ್ಮಲ್ಲಿ ಯಾರಾದರೂ ರಚನಕಾರರ ಪರವಾಗಿ ಗೌರವಧನ ವಸೂಲು ಮಾಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿದ್ದರೆ, ಸದಸ್ಯರಾಗುವಾಗ ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ಸಂಸ್ಥೆಗೆ ವಹಿಸಿಕೊಟ್ಟಿರುತ್ತಾರಾದ್ದರಿಂದ, ಆ ಒಪ್ಪಂದವನ್ನು ಓದಿ, ಅಗತ್ಯವಿದ್ದರೆ ಸಂಸ್ಥೆಯನ್ನೇ ಕೇಳಿ ಮುಂದುವರಿಯಬೇಕು.

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ಪಿಟೀಲು ವಿದ್ಯಾರ್ಥಿನಿ. ಜಾಝ್ ನುಡಿಸುವ ಗೆಳತಿಯೊಬ್ಬಳು ತೋರಿಸಿದ ಹಾಳೆಯಲ್ಲಿ ಒಂದೇ ಒಂದು ಸಾಲಿನ ಸ್ವರಗಳೂ ಅದರ ಮೇಲೆ ಕೆಲವು ಇಂಗ್ಲಿಷ್ ಅಕ್ಷರಗಳೂ ಇದ್ದವು. ಅಷ್ಟನ್ನೇ ಇಟ್ಟುಕೊಂಡು ಇಡೀ ತಂಡ ಹತ್ತು ನಿಮಿಷ ನುಡಿಸುವುದು ಹೇಗೆ? ಇಂಥ ಸಂಪುಟದಲ್ಲಿ ನಮ್ಮ ತಾಳಗಳಿಗೆ ಜಾಗವಿದೆಯೇ? (ಮಲ್ಲೇಶ್ವರ)

ಉತ್ತರ: ನೀವು ನೋಡಿದ್ದನ್ನು ಲೀಡ್ ಶೀಟ್ ಎನ್ನುತ್ತಾರೆ. ಧಾಟಿ ಮತ್ತು ಅದರ ಮೇಲೆ ಕಾರ್ಡ್‌ಗಳ ಹೆಸರು, ಇವಿಷ್ಟೇ ಅದರಲ್ಲಿರುತ್ತವೆ. ಸಾಮಾನ್ಯವಾಗಿ 12 ಅಥವಾ 32 ಬಾರ್‌ಗಳ (ಲಯದ ಸಮಾನ ಅಳತೆಗಳ) ಆ ಧಾಟಿಯನ್ನು ತಂಡ ಒಮ್ಮೆ ನುಡಿಸಿ, ಅದೇ ಕಾರ್ಡ್ ಸರಣಿಯನ್ನು ಆವರ್ತದಂತೆ ಸುತ್ತಿ ಸುತ್ತಿ ಬಳಸುತ್ತಿರುವಾಗ ಒಬ್ಬೊಬ್ಬರೂ ಸರದಿಯಂತೆ ಮನೋಧರ್ಮವನ್ನು ತೋರುತ್ತಾರೆ, ಕೊನೆಗೆ ಎಲ್ಲರೂ ಧಾಟಿಗೆ ಮರಳುತ್ತಾರೆ. ಪಲ್ಲವಿಯ ಒಂದು ಸಾಲನ್ನು ಹಿಡಿದು ನೆರವಲು, ಕಲ್ಪನಾಸ್ವರ ಮಾಡುವ ನಿಮಗೆ ಈ ಕ್ರಮ ಅಪರಿಚಿತವೆನಿಸದು.

ಇಂಥ ಹಾಳೆಗಳನ್ನು ಕೂಡಿಸುವ ಪರಿಪಾಠ ಹಳೆಯದು. 1940ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯ ಹಾಡುಗಳ ಧಾಟಿಗಳನ್ನು ರಟ್ಟಿನ ಚೀಟಿಗಳಲ್ಲಿ ಅಚ್ಚುಮಾಡಿ ರೇಡಿಯೋದವರಿಗೂ ವಾದಕರಿಗೂ ಮಾರುತ್ತಿದ್ದರು. 1970ರ ದಶಕದ ನಡುವಿನಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು ಕೈಬರಹದಲ್ಲಿ ಸಿದ್ಧಪಡಿಸಿದ ‘ರಿಯಲ್ ಬುಕ್’ ಲೋಕವೆಲ್ಲ ಹರಡಿತು. ಅದು ಕದ್ದುಮುಚ್ಚಿ ಮಾರಾಟವಾದ ಪುಸ್ತಕ. ಅದರಲ್ಲಿದ್ದ ರಚನಕಾರರಿಗೆ ಆ ಮಾರಾಟದಿಂದ ಗೌರವಧನ ಸಲ್ಲಲಿಲ್ಲ, ಹಲವು ಟ್ಯೂನ್‌ಗಳ ಕಾರ್ಡ್‌ಗಳು ತಪ್ಪಾಗಿಯೂ ಇದ್ದವು, ಆ ತಪ್ಪುಗಳನ್ನೇ ಪಾಠಾಂತರವೆಂದು ಒಂದು ತಲೆಮಾರು ಕಲಿಯಿತು. 2004ರಲ್ಲಿ ಹ್ಯಾಲ್ ಲೆನರ್ಡ್ ಪ್ರಕಾಶನವು ಹಕ್ಕುದಾರರ ಅನುಮತಿಯೊಂದಿಗೆ ಅದನ್ನು ಪ್ರಕಟಿಸಿದ ಮೇಲೆ ಆ ಅನ್ಯಾಯ ಸರಿಹೋಯಿತು. ರಚನಕಾರರೇ ತಮ್ಮ ಹಾಳೆಯನ್ನು ತಾವೇ ತಿದ್ದಿ, ತಮ್ಮ ಒಪ್ಪಿಗೆಯೊಂದಿಗೆ ಕೊಡುವ ಸಂಪುಟ ನನಗೆ ಪ್ರಿಯವಾಗುವುದು ಇದೇ ಕಾರಣಕ್ಕೆ.

ತಾಳಗಳ ವಿಚಾರ ಕೇಳಿದ್ದೀರಿ. ಖಂಡಿತವಾಗಿಯೂ ಜಾಗವಿದೆ; ಬೆಂಗಳೂರಿನಿಂದ ಅದು ಬರಲೇಬೇಕು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರು ನಮ್ಮೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಕಲಾವಿದರೊಡನೆ, ಆರ್. ಎ. ರಮಾಮಣಿಯವರ ಗಾಯನದೊಂದಿಗೆ ನುಡಿಸಿದ ಆಲ್ಬಂ 1983ರಷ್ಟು ಹಿಂದೆಯೇ ಜರ್ಮನಿಯ ಇಸಿಎಂ ಕಂಪನಿಯಿಂದ ಹೊರಬಂದಿದೆ. ಆದರೆ ಬರೆಯುವಾಗ ಒಂದು ಎಚ್ಚರ ಬೇಕು. ಮಿಶ್ರಚಾಪುವಿನ ಟ್ಯೂನಿಗೆ ಏಳರ ಲಯವೆಂದಷ್ಟೇ ಸೂಚಿಸಿದರೆ, ದೂರದ ಊರಿನ ಡ್ರಮ್ ವಾದಕ ಅದನ್ನು ಎರಡು, ಎರಡು, ಮೂರು ಎಂದು ಒಡೆದು ನುಡಿಸಬಹುದು. ಆಗ ‘ತಕಿಟ ತಕ ಧಿಮಿ’ಯ ನಡೆಯೇ ಕೆಟ್ಟು, ಧಾಟಿಯ ಒತ್ತುಗಳೆಲ್ಲ ತಪ್ಪಿದ ಕಡೆ ಬೀಳುತ್ತವೆ. ಮೊದಲ ಬಾರಿನ ನೆತ್ತಿಯಲ್ಲಿ 3+2+2 ಎಂದು ಬರೆದುಬಿಟ್ಟರೆ ಗೊಂದಲಕ್ಕೆ ಎಡೆಯಿಲ್ಲ. ಖಂಡಚಾಪುವಿಗೆ 2+3. ಗಮಕವನ್ನು, ಅಂದರೆ ಸ್ವರದ ಬಳುಕನ್ನು, ಲೀಡ್ ಶೀಟಿನಲ್ಲಿ ಹಿಡಿಯುವುದು ಅಸಾಧ್ಯ, ಅದಕ್ಕೆ ಜೊತೆಯಲ್ಲೊಂದು ಧ್ವನಿಮುದ್ರಿಕೆಯನ್ನು ಕೊಡುವುದೇ ಲೇಸು.

ವಾದ್ಯಗಳ ಶ್ರುತಿಭೇದವನ್ನೂ ಮರೆಯಬಾರದು. ಪಿಯಾನೊದ ಸಿ ಸ್ವರವನ್ನು ಹೊರಡಿಸಲು ಆಲ್ಟೊ ಸ್ಯಾಕ್ಸೊಫೋನ್ ವಾದಕರು ತಮ್ಮ ಹಾಳೆಯಲ್ಲಿ ಎ ಸ್ವರವನ್ನು ಓದಬೇಕು. ಟೆನರ್ ಸ್ಯಾಕ್ಸೊಫೋನ್ ಮತ್ತು ಟ್ರಂಪೆಟ್ ವಾದಕರು ಡಿ ಸ್ವರವನ್ನು. ಹೀಗಾಗಿ ಒಂದೇ ಟ್ಯೂನಿಗೆ ಮೂರು ಬಗೆಯ ಹಾಳೆಗಳು ಬೇಕಾಗುತ್ತವೆ. ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಒಮ್ಮೆ ಬರೆದರೆ ಉಳಿದವನ್ನು ಅದೇ ಬದಲಿಸಿಕೊಡುತ್ತದೆ.

ಪ್ರಶ್ನೆ: ಹಳೆಯ ಜನಪ್ರಿಯ ಹಾಡೊಂದರ ಕಾರ್ಡ್ ಸರಣಿಯ ಮೇಲೆ ನನ್ನದೇ ಧಾಟಿಯನ್ನು ಕಟ್ಟಿದ್ದೇನೆ. ಇದು ಕಳವೇ? (ಜಯನಗರ)

ಉತ್ತರ: ಅಲ್ಲ. ಕಾರ್ಡ್ ಸರಣಿಯೊಂದರ ಮೇಲೆ ಮಾತ್ರ ಹಕ್ಕುಸ್ವಾಮ್ಯವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಕ್ಕು ಇರುವುದು ಧಾಟಿಯ ಮೇಲೆ. ಅಮೆರಿಕದ ರಚನಕಾರ ಜಾರ್ಜ್ ಗರ್ಶ್ವಿನ್ 1930ರಲ್ಲಿ ರಚಿಸಿದ ಒಂದು ಹಾಡಿನ ಸರಣಿಯ ಮೇಲೆ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಮುಂತಾದವರು ಹಲವಾರು ಹೊಸ ಟ್ಯೂನ್‌ಗಳನ್ನು ಕಟ್ಟಿದ್ದಾರೆ. ನಿಮ್ಮ ಧಾಟಿಯಲ್ಲಿ ಮೂಲ ಹಾಡಿನ ತುಣುಕು ಎಲ್ಲಾದರೂ ಇಣುಕಿದೆಯೇ ಎಂದು ಇನ್ನೊಬ್ಬರ ಕಿವಿಯಿಂದ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಬೇಂದ್ರೆಯವರ ಕವಿತೆಗೆ ಜಾಝ್ ಧಾಟಿ ಹಾಕಿದ್ದೇನೆ. ಸಾಹಿತ್ಯಸಮೇತ ಸಂಪುಟಕ್ಕೆ ಸೇರಿಸಬಹುದೇ? (ರಾಜಾಜಿನಗರ)

ಉತ್ತರ: ಹಕ್ಕುದಾರರ ಅನುಮತಿಯಿಲ್ಲದೆ ಸೇರಿಸುವಂತಿಲ್ಲ. ನಮ್ಮ ಕಾಯಿದೆಯಲ್ಲಿ ಕವಿಯ ಮರಣಾನಂತರ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ, ಲೆಕ್ಕ ಮರುವರ್ಷದ ಆರಂಭದಿಂದ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಆದ್ದರಿಂದ 2041ರ ಕೊನೆಯವರೆಗೆ ಕಾಯಬೇಕು. ಧಾಟಿ ನಿಮ್ಮದಾದರೂ ಪದಗಳು ಬೇರೆ ಕೃತಿ. ಧಾಟಿಯನ್ನಷ್ಟೇ ಸಂಪುಟಕ್ಕೆ ಕೊಡಬಹುದು. ಪದಗಳು ಬೇಕೇ ಬೇಕೆಂದಿದ್ದರೆ ದಾಸರ ಪದಗಳಿವೆ, ವಚನಗಳಿವೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಮತ್ತು 1963ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈಗಳ ಪ್ರಕಟಿತ ಕವಿತೆಗಳೂ ಈಗ ಮುಕ್ತವಾಗಿವೆ. ಗೋವಿಂದ ಪೈಗಳ ಪ್ರಾಸವಿಲ್ಲದ ಸಾಲುಗಳು ಜಾಝ್ ನಡೆಗೆ ಸೊಗಸಾಗಿ ಒದಗಬಹುದೆಂದು ನನಗನ್ನಿಸುತ್ತದೆ.

ಪ್ರಶ್ನೆ: ಎಲ್ಲರೂ ಹೀಗೆ ಬಿಟ್ಟಿ ಕೊಡುತ್ತಾ ಹೋದರೆ ಸಂಗೀತಗಾರರ ಹೊಟ್ಟೆಪಾಡೇನು? (ವೈಟ್‌ಫೀಲ್ಡ್)

ಉತ್ತರ: ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಂಭಾವನೆಯಿಲ್ಲದೆ ಬಂದು ನುಡಿಸಿ ಎಂದು ಕರೆಯುವವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ. ಅದಕ್ಕೆ ಒಪ್ಪಬೇಡಿರೆಂದೇ ನನ್ನ ಸಲಹೆ. ಆದರೆ ಇಲ್ಲಿ ಉಚಿತವಾಗುತ್ತಿರುವುದು ಹಾಳೆ, ವಾದಕರ ಶ್ರಮವಲ್ಲ. ಹೆಸರು ಕೇಳಿರದ ರಚನಕಾರರ ಲೀಡ್ ಶೀಟನ್ನು ಹಣ ಕೊಟ್ಟು ಕೊಳ್ಳುವವರು ಬಹಳ ಕಡಿಮೆ. ಅದೇ ಟ್ಯೂನನ್ನು ಬೇರೆ ಊರಿನ ನಾಲ್ಕು ತಂಡಗಳು ನುಡಿಸತೊಡಗಿದರೆ ರಚನಕಾರರ ಹೆಸರು ಹರಡುತ್ತದೆ, ಕಛೇರಿಗೂ ಪಾಠಕ್ಕೂ ಧ್ವನಿಮುದ್ರಣಕ್ಕೂ ಕರೆ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮೇಲ್ಪಂಕ್ತಿಯೂ ಇದೆ: 2014ರಲ್ಲಿ ನಿರಂಜನರ ಕೃತಿಗಳನ್ನು ಅವರ ಕುಟುಂಬದವರೂ ಕನ್ನಡ ವಿಶ್ವಕೋಶವನ್ನು ಮೈಸೂರು ವಿಶ್ವವಿದ್ಯಾನಿಲಯವೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದವು.

ರಚನಕಾರರಿಗೆ ಸಲ್ಲಬೇಕಾದದ್ದು ಸಲ್ಲಬೇಕಾದರೆ, ಹೆಸರು ಹಾಳೆಯಿಂದ ಬೇರ್ಪಡಬಾರದು. ಸಂಪುಟದ ಮೊದಲ ಪುಟದಲ್ಲಿ ಮಾತ್ರ ಪರವಾನಗಿಯನ್ನು ಅಚ್ಚುಮಾಡಿದರೆ ಸಾಲದು. ವಾದಕರು ಇಡೀ ಪುಸ್ತಕವನ್ನು ಹೊತ್ತು ತಿರುಗುವುದಿಲ್ಲ, ಬೇಕಾದ ಒಂದು ಹಾಳೆಯನ್ನು ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ ಅಥವಾ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. ಹಾಗಾಗಿ ಪ್ರತಿ ಟ್ಯೂನಿನ ಹಾಳೆಯ ಅಡಿಯಲ್ಲಿಯೂ ರಚನಕಾರರ ಹೆಸರು, ರಚನೆಯ ವರ್ಷ, ಪರವಾನಗಿಯ ಹೆಸರು ಮತ್ತು ಸಂಪುಟ ಸಿಗುವ ತಾಣದ ವಿಳಾಸ, ಈ ನಾಲ್ಕೂ ಒಂದೇ ಸಾಲಿನಲ್ಲಿ, ಜೆರಾಕ್ಸಿನಲ್ಲೂ ಅಳಿಸದಷ್ಟು ದಪ್ಪ ಅಕ್ಷರದಲ್ಲಿ ಇರಲಿ.