ಕಲ್ಚರ್ ವರದಿಯಲ್ಲಿ ಮಿ.ಮೀ. ಹೆಚ್ಚಿದ್ದರೆ ಔಷಧಿ ಹೆಚ್ಚು ಬಲವೇ?

ರಾಯಚೂರಿನಲ್ಲಿ ಮಾಡಿಸಿದ ತಾಯಿಯವರ ಮೂತ್ರದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ, ಸಿಪ್ರೊಫ್ಲಾಕ್ಸಾಸಿನ್‌ಗೆ 21 ಮಿ.ಮೀ., ನೈಟ್ರೊಫ್ಯುರಾಂಟೊಯಿನ್‌ಗೆ 18 ಮಿ.ಮೀ. ಎಂದಿದೆ, ಹಾಗಿದ್ದೂ ವೈದ್ಯರು ಎರಡನೆಯದನ್ನು ಬರೆದದ್ದೇಕೆ ಎಂಬುದು ನಿಮ್ಮ ಪ್ರಶ್ನೆ.

ವೈದ್ಯರ ಆಯ್ಕೆ ವರದಿಗೆ ಸರಿಹೊಂದುತ್ತದೆ. ಮುಲ್ಲರ್-ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದಾರ್ಥ) ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧಿ ಹೀರಿಸಿದ ಕಾಗದದ ಬಿಲ್ಲೆಗಳನ್ನಿಟ್ಟು, ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ ಬಿಡುತ್ತಾರೆ. ಬಿಲ್ಲೆಯ ಸುತ್ತ ಏನೂ ಬೆಳೆಯದೆ ಉಳಿದ ವೃತ್ತದ ವ್ಯಾಸವೇ ಆ ಮಿ.ಮೀ. ಆದರೆ ಒಂದೊಂದು ಔಷಧಿಯೂ ಅಗರ್‌ನಲ್ಲಿ ಒಂದೊಂದು ವೇಗದಲ್ಲಿ ಹರಡುತ್ತದೆ; ಬಿಲ್ಲೆಯಲ್ಲಿರುವ ಪ್ರಮಾಣವೂ ಬೇರೆ. ಹಾಗಾಗಿ ಎರಡು ಔಷಧಿಗಳ ವೃತ್ತಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ವ್ಯರ್ಥ. ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ಗೊತ್ತುಮಾಡುವ ಸಂಸ್ಥೆ ಸಿಎಲ್‌ಎಸ್‌ಐಯ ಕೋಷ್ಟಕದಂತೆ ಇ. ಕೋಲೈಗೆ ಸಿಪ್ರೊಫ್ಲಾಕ್ಸಾಸಿನ್ 26 ಮಿ.ಮೀ. ಅಥವಾ ಹೆಚ್ಚಿದ್ದರೆ ಮಾತ್ರ ‘ಎಸ್’ (ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುತ್ತದೆ), 21 ಅಥವಾ ಕಡಿಮೆಯಾದರೆ ‘ಆರ್’, ಅಂದರೆ ನಿರೋಧ. ನೈಟ್ರೊಫ್ಯುರಾಂಟೊಯಿನ್‌ಗೆ 17 ಇದ್ದರೂ ‘ಎಸ್’. ಮಿ.ಮೀ. ಬಿಟ್ಟು ಅಕ್ಷರವನ್ನು ಓದಿ.

ಆದರೂ ‘ಎಸ್’ ಎಂದೊಡನೆ ಎಲ್ಲ ಕಡೆಯೂ ನಡೆಯುವುದಿಲ್ಲ. ನೈಟ್ರೊಫ್ಯುರಾಂಟೊಯಿನ್ ಮೂತ್ರಕೋಶದ ಸೋಂಕಿಗೆ ಸರಿ, ಮೂತ್ರಪಿಂಡದ ಸೋಂಕಿಗೆ ಸಾಲದು. ಚಳಿಜ್ವರ, ಬೆನ್ನುನೋವು ಇದ್ದರೆ ವೈದ್ಯರಿಗೆ ತಿಳಿಸಿ.

ಮತ್ತೆ ಕಲ್ಚರ್ ಮಾಡಿಸುವುದಾದರೆ, ಲಿಂಗಸುಗೂರಿನಿಂದ ಬಿಸಿಲಲ್ಲಿ ಬಸ್ಸಿನಲ್ಲಿ ಶೀಸೆ ತರಬೇಡಿ. ಮೂತ್ರ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲವೇ ತಣ್ಣಗಿರಬೇಕು.