ತಪಸ್ಸುಕಾಲದಲ್ಲಿ ಮಲ್ಲಿಗೆ ಕಟ್ಟಬಹುದೇ?

ಅಂಗಳದಲ್ಲಿ ಹತ್ತು ಬುಡ ಮಲ್ಲಿಗೆ ಬೆಳೆಸಿ ಪ್ರತಿ ವಾರ ಚರ್ಚಿನ ಪೀಠಕ್ಕೆ ಮಾಲೆ ಕೊಡುತ್ತಿದ್ದೀರಿ, ತಪಸ್ಸುಕಾಲ (ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸ-ಪ್ರಾರ್ಥನೆಯ ಕಾಲ) ಬಂದರೆ ಈ ಹವ್ಯಾಸ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ ಅಕ್ಕಾ.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ (2026ರಲ್ಲಿ ಫೆಬ್ರವರಿ 18) ಕಥೋಲಿಕ ಚರ್ಚಿನಲ್ಲಿ ಪೀಠಕ್ಕೆ ಹೂವಿನ ಅಲಂಕಾರ ಇಲ್ಲ, ಅದು ನಿಜ. ಆದರೆ ತಪಸ್ಸುಕಾಲದ ನಾಲ್ಕನೇ ಭಾನುವಾರಕ್ಕೂ ಮಾರ್ಚ್ 19ರ ಸಂತ ಜೋಸೆಫರ ಹಬ್ಬದಂಥ ಮಹೋತ್ಸವಗಳಿಗೂ ವಿನಾಯಿತಿ ಇದೆ. ಆ ದಿನಗಳಿಗೆ ಬೇಕೇ ಎಂದು ಫಾದರ್ ಬಳಿ ಈಗಲೇ ಕೇಳಿಡಿ.

ನಮ್ಮದು ಉಡುಪಿ ಹತ್ತಿರ, ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆ. ಚಳಿ ಇಳಿಯುತ್ತಿದ್ದ ಹಾಗೆ ಗಿಡದ ತುಂಬ ಮೊಗ್ಗು. ಅಮ್ಮ ಬಿಸಿಲೇರುವ ಮೊದಲೇ ಕೊಯ್ದು, ಒದ್ದೆ ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಕಟ್ಟಲು ಕೂರುತ್ತಿದ್ದರು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದೊಂದು ಗಂಟಿಗೂ ತುಟಿಯಲ್ಲಿ ಜಪ. ಶುಕ್ರವಾರದ ಹೂವಿನ ದುಡ್ಡು ಡಬ್ಬಿಗೆ, ಈಸ್ಟರಿನ ಮೊದಲು ಅದು ಯಾರಾದರೂ ರೋಗಿಯ ಮನೆಗೆ. ನಾನು ಈಗಲೂ ಹಾಗೇ ಮಾಡುತ್ತೇನೆ.

ಬಿಡುವುದಿದ್ದರೆ ಶುಕ್ರವಾರದ ಮಾಂಸ ಬಿಡಿ, ರಾತ್ರಿಯ ಮೊಬೈಲ್ ಬಿಡಿ. ಗಿಡಕ್ಕೆ ನೀರು ಮಾತ್ರ ತಪ್ಪಿಸಬೇಡಿ, ಇನ್ನು ಸೆಕೆ ಶುರು.