ಓದುಗರ ಪ್ರಶ್ನೆ: ದ್ರವ ನೈಟ್ರೋಜನ್‌ಗೆ ಬರಿಗೈ ಒಡ್ಡಬಹುದೇ?

ಪ್ರಶ್ನೆ: ವಿಜ್ಞಾನ ಪ್ರದರ್ಶನವೊಂದರಲ್ಲಿ ಒಬ್ಬರು ದ್ರವ ನೈಟ್ರೋಜನ್ ಅನ್ನು ಬರಿಗೈ ಮೇಲೆ ಸುರಿದುಕೊಂಡರು, ಏನೂ ಆಗಲಿಲ್ಲ. ಅದು ಮೈನಸ್ 196 ಡಿಗ್ರಿ ಅಲ್ಲವೇ? ನಮ್ಮ ಮಕ್ಕಳಿಗೂ ಹಾಗೆ ಮಾಡಿ ತೋರಿಸಬಹುದೇ?
– ವಿಜ್ಞಾನ ಶಿಕ್ಷಕಿ, ಬಸವನಗುಡಿ

ಉತ್ತರ: ದೋಸೆ ಕಾವಲಿ ವಿಪರೀತ ಕಾದಾಗ ನೀರು ಚಿಮುಕಿಸಿ ನೋಡಿ. ಹನಿ ಚುರ್ರೆಂದು ಆರುವುದಿಲ್ಲ, ಗೋಲಿಯಂತೆ ಉರುಳಾಡುತ್ತದೆ. ಹನಿಯ ಅಡಿಯಲ್ಲಿ ಎದ್ದ ಆವಿಯೇ ಅದನ್ನು ಎತ್ತಿ ಹಿಡಿದಿರುತ್ತದೆ. 1756ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಲೈಡನ್‌ಫ್ರಾಸ್ಟ್ ಅವರ ಹೆಸರೇ ಈ ಪರಿಣಾಮಕ್ಕಿದೆ. ದ್ರವ ನೈಟ್ರೋಜನ್ ಪಾಲಿಗೆ ನಮ್ಮ ಅಂಗೈಯೇ ಕಾದ ಕಾವಲಿ, ಅದಕ್ಕಿಂತ ಇನ್ನೂರಕ್ಕೂ ಹೆಚ್ಚು ಡಿಗ್ರಿ ಬಿಸಿ. ಸುರಿದದ್ದು ಆವಿಯ ಮೇಲೆ ತೇಲುತ್ತ ಜಾರಿ ಬೀಳುತ್ತದೆ. ನೀವು ನೋಡಿದ್ದು ಅದನ್ನೇ.

ಆದರೆ ಈ ರಕ್ಷಣೆ ದ್ರವ ಜಾರುತ್ತಿರುವಷ್ಟು ಹೊತ್ತು ಮಾತ್ರ. ಬೊಗಸೆಯಲ್ಲಿ ನಿಂತರೆ, ಉಂಗುರ, ಬಳೆ, ವಾಚಿನ ಪಟ್ಟಿಯ ಅಡಿ ಸಿಕ್ಕಿಕೊಂಡರೆ ಚರ್ಮ ತಣಿಯುತ್ತ ಹೋಗಿ ಆವಿಯ ಪದರ ಕುಸಿಯುತ್ತದೆ. ಆಮೇಲೆ ದ್ರವ ನೇರವಾಗಿ ತಾಗಿ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಹೆಪ್ಪುಗಟ್ಟುತ್ತದೆ. ಹತ್ತಿ ಬಟ್ಟೆ ಇನ್ನೂ ಕೆಟ್ಟದ್ದು, ದ್ರವವನ್ನು ಹೀರಿಕೊಂಡು ಮೈಗೆ ಒತ್ತಿ ಹಿಡಿಯುತ್ತದೆ. ದ್ರವ ನೈಟ್ರೋಜನ್‌ನಲ್ಲಿ ಅದ್ದಿದ ಲೋಹದ ಸೌಟನ್ನು ಮುಟ್ಟಿದರಂತೂ ನಡುವೆ ಆವಿಯೇ ಇರದು. ಬೆರಳಿನ ತೇವ ಮಂಜಾಗಿ ಲೋಹಕ್ಕೆ ಅಂಟುತ್ತದೆ, ಎಳೆದರೆ ಚರ್ಮ ಕಿತ್ತು ಬರುತ್ತದೆ.

ಹಾಗಾಗಿ ಮಕ್ಕಳೆದುರು ಕೈ ಒಡ್ಡಬೇಡಿ. ನಿಮಗೆ ಏನೂ ಆಗದಿರಬಹುದು. ನೋಡಿದ ಹುಡುಗ ಬೊಗಸೆ ಒಡ್ಡುತ್ತಾನೆ. ಕಾವಲಿಯ ಹನಿಯನ್ನೇ ತೋರಿಸಿ, ಪಾಠ ಅದೇ. ದ್ರವ ನೈಟ್ರೋಜನ್ ಬೇಕೇ ಬೇಕೆಂದರೆ ಉದ್ದನೆಯ ಇಕ್ಕಳದಲ್ಲಿ ಗುಲಾಬಿ ಹಿಡಿದು ಅದ್ದಿ.

ಪ್ರಶ್ನೆ: ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಸಾಲದೇ?
– ಎಂ.ಎಸ್ಸಿ. ವಿದ್ಯಾರ್ಥಿ, ಯಶವಂತಪುರ

ಉತ್ತರ: ಸಾಲದು. ತಣ್ಣಗಾದ ರಬ್ಬರ್ ಸೆಡೆತು ಒಡೆಯುತ್ತದೆ, ಒಳಗೆ ಹೋದ ದ್ರವ ಅಲ್ಲೇ ನಿಲ್ಲುತ್ತದೆ. ಅತಿ ತಣ್ಣನೆ ವಸ್ತುಗಳಿಗೆಂದೇ ಮಾಡಿದ ಕ್ರಯೋಜೆನಿಕ್ ಗ್ಲೌಸೇ ಬೇಕು, ಅದೂ ಸಡಿಲವಾಗಿರಬೇಕು: ಕೈ ಒದರಿದರೆ ಕಳಚಿ ಬೀಳುವಷ್ಟು. ಅದು ಸಿಡಿಯುವ ಹನಿಗೆ ಮತ್ತು ತಣ್ಣನೆ ವಸ್ತು ಹಿಡಿಯುವುದಕ್ಕೆ ಮಾತ್ರ, ಅದನ್ನು ತೊಟ್ಟು ಕೈ ಮುಳುಗಿಸುವಂತಿಲ್ಲ. ಮುಖಕ್ಕೆ ಫೇಸ್ ಶೀಲ್ಡ್, ಕಾಲಿಗೆ ಮುಚ್ಚಿದ ಬೂಟು. ಪ್ಯಾಂಟಿನ ಅಂಚು ಬೂಟಿನ ಹೊರಗಿರಲಿ, ಒಳಗೆ ತುರುಕಿದರೆ ಬೂಟೇ ಪಾತ್ರೆಯಾಗುತ್ತದೆ. ಪಾತ್ರೆಯಲ್ಲಿ ದ್ರವದ ಮಟ್ಟ ಅಳೆಯಲು ಮರದ ಕಡ್ಡಿ ಇಳಿಸಿ, ತೆಗೆದು ಗಾಳಿಯಲ್ಲಿ ಆಡಿಸಿ. ಮಂಜು ಕಟ್ಟಿದಷ್ಟು ಎತ್ತರಕ್ಕೆ ದ್ರವವಿದೆ. ಟೊಳ್ಳು ಪೈಪು ಇಳಿಸಿದರೆ ಮೇಲಿನ ತುದಿಯಿಂದ ಮುಖಕ್ಕೇ ಚಿಮ್ಮುತ್ತದೆ.

ಪ್ರಶ್ನೆ: ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯವನ್ನು ದ್ರವ ನೈಟ್ರೋಜನ್‌ನಲ್ಲಿ ಇಡುವ ಕಂಟೇನರನ್ನು ಕಾರಿನಲ್ಲಿ, ಲಿಫ್ಟಿನಲ್ಲಿ ಒಯ್ಯಬಹುದೇ?
– ಹೆಸರಘಟ್ಟದ ಓದುಗರು

ಉತ್ತರ: ಕಾರಾದರೆ ನೆಟ್ಟಗೆ ನಿಲ್ಲಿಸಿ ಕಟ್ಟಿ, ಕಿಟಕಿ ಇಳಿಸಿ. ಸಡಿಲ ಮುಚ್ಚಳವನ್ನು ಬಿಗಿ ಮಾಡಲೇಬೇಡಿ, ಆವಿ ಹೊರಬರಲು ದಾರಿಯಿಲ್ಲದಿದ್ದರೆ ಕಂಟೇನರ್ ಸಿಡಿಯುತ್ತದೆ. ಮನೆಯ ತಿರುಪು ಮುಚ್ಚಳದ ಫ್ಲಾಸ್ಕಿನಲ್ಲಿ ತುಂಬಬಾರದು ಎನ್ನುವುದೂ ಇದಕ್ಕೇ.

ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮೂರು ಮೀಟರ್ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ 10 ಲೀಟರ್ ಚೆಲ್ಲಿದರೆ ಆಮ್ಲಜನಕ ಶೇ 21ರಿಂದ 16ರ ಆಸುಪಾಸಿಗೆ ಇಳಿಯುತ್ತದೆ. 19.5ಕ್ಕಿಂತ ಕೆಳಗೆ ಇಳಿದರೇ ಅಪಾಯ ಎಂದು ಲೆಕ್ಕ. ಲಿಫ್ಟಿನ ಡಬ್ಬ ಆ ಕೋಣೆಗಿಂತ ಎಷ್ಟು ಚಿಕ್ಕದು ನೋಡಿ. ಉಸಿರು ಕಟ್ಟಿದಂತೆ ಅನ್ನಿಸುವುದು ಇಂಗಾಲದ ಡೈಆಕ್ಸೈಡ್ ಏರಿದಾಗ. ನೈಟ್ರೋಜನ್ ತುಂಬಿದರೆ ಆ ಎಚ್ಚರಿಕೆ ಬರುವುದಿಲ್ಲ, ಮನುಷ್ಯ ಸುಮ್ಮನೆ ಕುಸಿಯುತ್ತಾನೆ. ಲಿಫ್ಟಿನಲ್ಲಿ ಕಂಟೇನರ್ ಒಂದೇ ಹೋಗಲಿ. ‘ಯಾರೂ ಹತ್ತಬೇಡಿ’ ಎಂಬ ಚೀಟಿ ಅಂಟಿಸಿ, ಮೇಲೆ ಇಳಿಸಿಕೊಳ್ಳಲು ಒಬ್ಬರು ನಿಂತಿರಲಿ.

ಪ್ರಶ್ನೆ: ದ್ರವ ನೈಟ್ರೋಜನ್ ಹಾಕಿದ, ಹೊಗೆ ಬರುವ ಬಿಸ್ಕೆಟ್, ಪಾನ್ ತಿಂದರೆ ಏನಾಗುತ್ತದೆ?
– ಗೃಹಿಣಿ, ವಿಜಯನಗರ

ಉತ್ತರ: ತಿನ್ನಬೇಡಿ. ಒಂದು ಟೀ ಚಮಚ ದ್ರವ ಹೊಟ್ಟೆ ಸೇರಿದರೆ ಮೂರೂವರೆ ಲೀಟರ್ ಅನಿಲ. 2024ರಲ್ಲಿ ಬೆಂಗಳೂರಿನ ಮದುವೆ ಆರತಕ್ಷತೆಯೊಂದರಲ್ಲಿ ಇಂಥ ಪಾನ್ ತಿಂದ 12 ವರ್ಷದ ಹುಡುಗಿಯ ಜಠರ ತೂತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಪ್ರಶ್ನೆ: ಕೈಗೆ ತಾಗಿಯೇಬಿಟ್ಟರೆ?
– ಲ್ಯಾಬ್ ಸಹಾಯಕರು, ಪೀಣ್ಯ

ಉತ್ತರ: ಉಜ್ಜಬೇಡಿ. ಬೆಂಕಿ, ಹೀಟರ್, ಬಿಸಿನೀರು ಯಾವುದೂ ಬೇಡ. ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗದು. ಊದುವ ಮೊದಲೇ ಉಂಗುರ, ವಾಚು ತೆಗೆಯಿರಿ. ಬಟ್ಟೆ ಅಂಟಿದ್ದರೆ ಕೀಳದೆ ನೀರಿನಲ್ಲಿ ನೆನೆಸಿ ಬಿಡಿಸಿ. ಮಗುವಿನ ಸ್ನಾನಕ್ಕೆ ಹದವಾದಷ್ಟು, ಅಂದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ 15ರಿಂದ 30 ನಿಮಿಷ ಇಡಿ, ಆರುತ್ತ ಬಂದಂತೆ ನೀರು ಬದಲಿಸಿ. ಚರ್ಮ ಮೇಣದಂತೆ ಬೆಳ್ಳಗಿದ್ದು ನೋವೇ ಇಲ್ಲವೆಂದರೆ ಸಮಾಧಾನ ಪಡಬೇಡಿ, ಕರಗುವಾಗ ನೋವು ಶುರುವಾಗುತ್ತದೆ. ಗುಳ್ಳೆ ಎದ್ದರೆ ಒಡೆಯದೆ, ಶುದ್ಧ ಬಟ್ಟೆ ಸಡಿಲವಾಗಿ ಹೊದಿಸಿ, ಸುಟ್ಟ ಗಾಯದ ವಿಭಾಗವಿರುವ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸಿಡಿದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.